ಐಸಿಯು ಶುರುವಾಗುವುದು ಕಾರ್ಗಲ್‌ನಲ್ಲೇ

ಕಾರ್ಗಲ್‌ನಿಂದ ಸಾಗರಕ್ಕೆ 30 ಚಿಲ್ಲರೆ ಕಿಲೋಮೀಟರ್. ಅಲ್ಲಿಂದ ಆನಂದಪುರ, ಚೋರಡಿ, ಕುಂಸಿ, ಆಯನೂರು ದಾಟಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸೇರಲು ಇನ್ನೂ 70ರ ಮೇಲೆ. ಮಣಿಪಾಲದ ಆಸ್ಪತ್ರೆಯೇ ಆಗಬೇಕೆಂದರೆ ಕೋಗಾರು ಘಾಟಿ ಇಳಿದು ಭಟ್ಕಳಕ್ಕೆ, ಇಲ್ಲವೇ ಗೇರುಸೊಪ್ಪೆಯ ಮೇಲೆ ಹೊನ್ನಾವರಕ್ಕೆ ಹೋಗಿ ಕರಾವಳಿಯ ಹೆದ್ದಾರಿ ಹಿಡಿಯಬೇಕು. ಎಷ್ಟು ಹೊತ್ತಿನ ದಾರಿ ಎಂದು ಮಳೆಗಾಲದಲ್ಲಿ ಕೇಳಿ ನೋಡಿ, ಉತ್ತರ ‘ಮರ ಬೀಳದಿದ್ದರೆ’ ಎಂದೇ ಶುರುವಾಗುತ್ತದೆ. ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯವರ ಪಾಡು ಇನ್ನೂ ಬೇರೆಯಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಮೇಲೆ ಅವರಿಗೆ ರಾತ್ರಿಯ ಆಸ್ಪತ್ರೆ ಎಂಬುದೇ ಇರಲಿಲ್ಲ. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಬೆಳಗಿನ ತನಕ ಕಾಯಬೇಕಿತ್ತು, ಇಲ್ಲವೇ ಸುತ್ತುಬಳಸಿನ ಕಾಡುದಾರಿ ಹಿಡಿಯಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ದಿನ ಆ ಭಾಗದ ಜನ ಸಿಗಂದೂರಿನ ಯಾತ್ರಿಕರಿಗಿಂತ ಹೆಚ್ಚು ಖುಷಿಪಟ್ಟದ್ದಕ್ಕೆ ಕಾರಣ ಇದು.

ನರ್ಸಿಂಗ್ ಪಾಠದಲ್ಲಿ ಐಸಿಯು ಎಂದರೆ ಒಂದು ಕೋಣೆ. ಮಾನಿಟರ್, ವೆಂಟಿಲೇಟರ್, ಸಿರಿಂಜ್ ಪಂಪ್, ಮಂಚದ ತಲೆಯ ಬಳಿ ಗೋಡೆಯಿಂದಲೇ ಬರುವ ಆಕ್ಸಿಜನ್. ಮಲೆನಾಡಿನ ಮೂಲೆಯ ರೋಗಿಗೆ ಆ ಕೋಣೆಯ ಬಾಗಿಲು ತೆರೆಯುವಷ್ಟರಲ್ಲಿ ಅವನ ಕಾಯಿಲೆಯ ಅರ್ಧ ಕಥೆ ಮುಗಿದಿರುತ್ತದೆ. ಆ ಅರ್ಧ ನಡೆಯುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಮಂಚದ ಮೇಲೆ, ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ, ಓಡುವ 108 ಆಂಬುಲೆನ್ಸಿನ ಒಳಗೆ. ಅಲ್ಲೆಲ್ಲ ಹೆಚ್ಚು ಹೊತ್ತು ಪಕ್ಕದಲ್ಲಿರುವ ಜೀವ ಒಬ್ಬ ಸಿಸ್ಟರ್ ಅಥವಾ ಬ್ರದರ್. ಇಲ್ಲಿ ಕೆಲಸ ಮಾಡುವ ನರ್ಸ್‌ಗೆ ಐಸಿಯು ಪಾಠ ಹೇಳಬೇಕಾದದ್ದು ಆ ಕೋಣೆಯಿಂದ ಹಿಮ್ಮುಖವಾಗಿ, ರೋಗಿ ಬಂದ ದಾರಿಯಗುಂಟ. ನಮ್ಮ ಪಠ್ಯ ಇನ್ನೂ ಹೆಚ್ಚಾಗಿ ಕೋಣೆಯ ಒಳಗೇ ಕುಳಿತಿದೆ ಎಂಬುದು ನನ್ನ ತಕರಾರು.

ಈ ಮಾತಿಗೆ ಮಂಗನ ಕಾಯಿಲೆಗಿಂತ (ಕೆಎಫ್‌ಡಿ) ದೊಡ್ಡ ಸಾಕ್ಷಿ ಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಅದರ ಬೆನ್ನಿಗೇ ಊರವರು ಜ್ವರ ಹಿಡಿದು ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅವರ ತಂಡ ಬಂದು ವೈರಾಣುವನ್ನು ಗುರುತಿಸಿತು. ಅದನ್ನು ಹರಡುವ ಉಣುಗನ್ನೂ ಪತ್ತೆಮಾಡಿದರು. ಮುಂದೆ ಸಾಗರದಲ್ಲೇ ಅವರ ಕ್ಷೇತ್ರ ಕೇಂದ್ರ ನಡೆಯಿತು. ಇಷ್ಟೆಲ್ಲ ಆಗಿ ಆರೂವರೆ ದಶಕ ಕಳೆದರೂ ಈ ವೈರಾಣುವನ್ನು ಕೊಲ್ಲುವ ಔಷಧಿ ಬಂದಿಲ್ಲ. ದಶಕಗಳ ಕಾಲ ಚುಚ್ಚುತ್ತಿದ್ದ ಲಸಿಕೆಯೂ ಸತ್ವ ಸಾಲದೆಂದು ನಿಂತುಹೋಯಿತು. 2018ರ ಕೊನೆಗೆ ಶುರುವಾಗಿ 2019ರ ಬೇಸಿಗೆಯ ತನಕ ಕಾಯಿಲೆ ಕಾರ್ಗಲ್ ಆಚೆಯ ಅರಳಗೋಡು ಭಾಗವನ್ನು ಹಿಡಿದು ಅಲ್ಲಾಡಿಸಿತು. ಹಲವು ಸಾವುಗಳಾದವು. ಅನೇಕರನ್ನು ಮಣಿಪಾಲಕ್ಕೆ ಸಾಗಿಸಬೇಕಾಯಿತು. ಆ ವರ್ಷ ದರಗು ಗುಡಿಸಲು ಬೆಟ್ಟಕ್ಕೆ ಹೋಗಲೂ ಜನ ಹಿಂದೆಮುಂದೆ ನೋಡಿದರು.

ಔಷಧಿಯಿಲ್ಲದ ಕಾಯಿಲೆಯಲ್ಲಿ ನಿಗಾವೇ ಚಿಕಿತ್ಸೆ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಧಡಾರನೆ ಜ್ವರ, ತಲೆ ಸೀಳುವಂಥ ನೋವು, ಸೊಂಟ–ಮೀನಖಂಡ ಹಿಡಿದ ನೋವು, ಕೆಂಪಾದ ಕಣ್ಣು. ಕೆಲವರಿಗೆ ಒಸಡಲ್ಲಿ, ಮೂಗಲ್ಲಿ ರಕ್ತ. ಬಿಪಿ ಇಳಿಯುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಬಹುಪಾಲು ಜನ ಒಂದೆರಡು ವಾರಕ್ಕೆ ಏಳುತ್ತಾರೆ. ಆದರೆ ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಬಿಟ್ಟು, ಮನೆಗೂ ಹೋಗಿ, ಇನ್ನೇನು ಗೆದ್ದೆ ಎನ್ನುವಾಗ ಮತ್ತೆ ಜ್ವರ ಬರುತ್ತದೆ. ಈ ಎರಡನೇ ಸುತ್ತು ಮಿದುಳಿನ ಕಡೆಯದು: ಕುತ್ತಿಗೆ ಬಿಗಿತ, ಕೈ ನಡುಕ, ಮಾತು ತಪ್ಪುವುದು, ಯಾರೋ ಏನೋ ಎಂಬ ಗೊಂದಲ. ಇಲ್ಲಿ ನರ್ಸ್ ಏನು ಮಾಡಬೇಕು? ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ ತಪ್ಪಿಸಬೇಕು, ಏಕೆಂದರೆ ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ. ಮೈಕೈ ನೋವೆಂದು ಡೈಕ್ಲೊಫೆನಾಕ್, ಆಸ್ಪಿರಿನ್ ಯಾರಾದರೂ ಕೊಟ್ಟಿದ್ದಾರೆಯೇ ಎಂದು ಮನೆಯವರನ್ನು ಕೆದಕಿ ಕೇಳಬೇಕು. ಗಂಟೆಗೆ ಎಷ್ಟು ಮೂತ್ರ ಬಂತೆಂದು ಅಳೆಯಬೇಕು. 60 ಕೆ.ಜಿ. ತೂಕದವನಿಗೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದರೆ ಮೂತ್ರಪಿಂಡಕ್ಕೆ ರಕ್ತ ಸಾಲುತ್ತಿಲ್ಲ ಎಂದು ಅನುಮಾನಿಸಬೇಕು. ನಿನ್ನೆ ಮಗಳ ಹೆಸರು ಸರಿಯಾಗಿ ಹೇಳಿದವನು ಇವತ್ತು ತಡವರಿಸಿದರೆ ಅದನ್ನು ‘ಸುಸ್ತು’ ಎಂದು ಬರೆದು ಕೈತೊಳೆದುಕೊಳ್ಳಬಾರದು. ಇದರಲ್ಲಿ ಯಂತ್ರ ಬೇಡುವಂಥದ್ದು ಎಷ್ಟಿದೆ? ಅಳತೆಯ ಜಾರ್ ಒಂದು, ಬಿಪಿ ಉಪಕರಣ ಒಂದು. ಉಳಿದದ್ದು ರೋಗಿಯ ಬಳಿ ಮತ್ತೆ ಮತ್ತೆ ಹೋಗಿ ನಿಲ್ಲುವ ಅಭ್ಯಾಸ.

ಮತ್ತೆ ಮತ್ತೆ ಹೋದರೂ ಕಾಣದೆ ಹೋಗುವುದು ಒಂದಿದೆ: ಉಸಿರಾಟದ ಲೆಕ್ಕ. ಯಾವುದೇ ಜನರಲ್ ವಾರ್ಡ್‌ನ ಚಾರ್ಟ್ ತಿರುವಿ ನೋಡಿ. ಬಿಪಿ ಬದಲಾಗುತ್ತದೆ, ನಾಡಿ ಬದಲಾಗುತ್ತದೆ, ಉಸಿರು ಮಾತ್ರ ಎಲ್ಲರಿಗೂ 18 ಅಥವಾ 20. ನಿಮೋನಿಯಾದ ಅಜ್ಜನಿಗೂ ಅಷ್ಟೇ, ಹರ್ನಿಯಾ ಆಪರೇಶನ್ ಆದ ಹುಡುಗನಿಗೂ ಅಷ್ಟೇ. ಯಾರೂ ಎಣಿಸಿರುವುದಿಲ್ಲ. ಎಣಿಸಲು ಒಂದು ಪೂರ್ತಿ ನಿಮಿಷ ಬೇಕು. ನಲವತ್ತು ಜನ ಮಲಗಿರುವ ವಾರ್ಡ್‌ನಲ್ಲಿ ಒಂದು ನಿಮಿಷ ಎಂದರೆ ನಲವತ್ತು ನಿಮಿಷ. ಆದರೆ ದೇಹ ಕುಸಿಯುವ ಮೊದಲು ಸುಳಿವು ಕೊಡುವುದು ಬಹಳ ಸಲ ಉಸಿರೇ. ಅಮೆರಿಕದ ಮಯಾಮಿಯ ಆಸ್ಪತ್ರೆಯೊಂದರ ವಾರ್ಡ್‌ಗಳಲ್ಲಿ ಹೃದಯ ನಿಂತ 64 ರೋಗಿಗಳ ದಾಖಲೆ ತೆಗೆದು 1990ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಶೇ 84 ಮಂದಿಗೆ ಹಿಂದಿನ ಎಂಟು ಗಂಟೆಯೊಳಗೇ ಸ್ಥಿತಿ ಹದಗೆಟ್ಟ ಗುರುತು ದಾಖಲಾಗಿತ್ತು, ಅಥವಾ ಅವರೇ ಹೊಸದಾಗಿ ಏನೋ ಆಗುತ್ತಿದೆ ಎಂದು ಹೇಳಿಕೊಂಡಿದ್ದರು. ‘ಇದ್ದಕ್ಕಿದ್ದಂತೆ ಹೋಗಿಬಿಟ್ಟರು’ ಎಂಬ ಮಾತನ್ನು ಆಸ್ಪತ್ರೆಗಳಲ್ಲಿ ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ!

ಈ ಸುಳಿವುಗಳನ್ನು ಅಂಕಕ್ಕೆ ಇಳಿಸುವ ಒಂದು ಪದ್ಧತಿಯನ್ನು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿತು. ‘ನ್ಯೂಸ್’ ಎಂದು ಅದರ ಹೆಸರು. ಉಸಿರು, ಸ್ಯಾಚುರೇಶನ್, ಬಿಪಿ, ನಾಡಿ, ಜ್ವರ, ಪ್ರಜ್ಞೆ, ಜೊತೆಗೆ ಆಕ್ಸಿಜನ್ ಹಚ್ಚಿದೆಯೇ ಎಂಬುದು – ಇಷ್ಟಕ್ಕೆ ಅಂಕ ಹಾಕಿ ಕೂಡಿಸುವುದು. ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ಉಸಿರು ನಿಮಿಷಕ್ಕೆ 24, ಸ್ಯಾಚುರೇಶನ್ 94, ಮೇಲಿನ ಬಿಪಿ 102, ನಾಡಿ 112, ಜ್ವರ 38.4 ಡಿಗ್ರಿ ಸೆಲ್ಸಿಯಸ್, ಎಚ್ಚರವಾಗಿದ್ದಾನೆ, ಮಾತಾಡುತ್ತಿದ್ದಾನೆ. ಒಂದೊಂದನ್ನೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ‘ಸ್ವಲ್ಪ ಜ್ವರ ಇದೆ, ಅದಕ್ಕೇ ನಾಡಿ ಜಾಸ್ತಿ’ ಎಂದು ಮುಂದಿನ ಮಂಚಕ್ಕೆ ಹೋಗುವವರೇ ಹೆಚ್ಚು. ಅಂಕ ಹಾಕಿದರೆ ಉಸಿರಿಗೆ 2, ಸ್ಯಾಚುರೇಶನ್‌ಗೆ 1, ಬಿಪಿಗೆ 1, ನಾಡಿಗೆ 2, ಜ್ವರಕ್ಕೆ 1. ಒಟ್ಟು 7. ಆ ಪಟ್ಟಿಯ ಪ್ರಕಾರ 7 ಎಂದರೆ ತುರ್ತು ಸ್ಥಿತಿ, ಹಿರಿಯ ವೈದ್ಯರು ಆ ಕ್ಷಣವೇ ಬಂದು ನೋಡಬೇಕು. ಅದೇ ಚಾರ್ಟ್‌ನಲ್ಲಿ ಉಸಿರನ್ನು ಎಣಿಸದೆ 18 ಎಂದು ಬರೆದಿದ್ದರೆ ಒಟ್ಟು 5ಕ್ಕೆ ಇಳಿಯುತ್ತಿತ್ತು.

ಹತ್ತಾರು ವರ್ಷ ದುಡಿದ ಹಿರಿಯ ಸಿಸ್ಟರ್‌ಗೆ ಈ ಕೂಡಿಕೆ ಬೇಡ. ವಾರ್ಡ್ ಬಾಗಿಲಲ್ಲಿ ನಿಂತು ನೋಡಿದರೇ ಮೂರನೇ ಮಂಚದ್ದು ಸರಿಯಿಲ್ಲ ಎಂದು ಗೊತ್ತಾಗುತ್ತದೆ. ಹೇಗೆ ಗೊತ್ತಾಯಿತೆಂದು ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ. ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಬರೆದ ಪುಸ್ತಕದಲ್ಲಿ ಹೊಸಬಳು ಹೇಗೆ ಹಂತಹಂತವಾಗಿ ಈ ದೃಷ್ಟಿಯ ತನಕ ಬೆಳೆಯುತ್ತಾಳೆಂದು ವಿವರಿಸಿದ್ದಾರೆ. ಹೊಸಬಳು ನಿಯಮ ಹಿಡಿದು ನಡೆಯುತ್ತಾಳೆ, ಪಳಗಿದವಳು ಇಡೀ ಚಿತ್ರವನ್ನು ಒಟ್ಟಿಗೇ ಕಾಣುತ್ತಾಳೆ. ಮೂರನೇ ವರ್ಷದ ವಿದ್ಯಾರ್ಥಿನಿಯಿಂದ ಆ ದೃಷ್ಟಿ ನಿರೀಕ್ಷಿಸುವುದು ಅನ್ಯಾಯ. ಅವಳ ಕೈಗೆ ಅಂಕದ ಪಟ್ಟಿ ಕೊಡಬೇಕು, ಜೊತೆಗೆ ಆ ಹಿರಿಯ ಸಿಸ್ಟರ್‌ ಪಕ್ಕದಲ್ಲಿ ನಿಲ್ಲಿಸಬೇಕು. ನಮ್ಮಲ್ಲಿ ಈ ಎರಡನೆಯದೇ ತಪ್ಪುತ್ತಿರುವುದು. ಪೋಸ್ಟಿಂಗ್‌ಗೆ ಬಂದ ಹುಡುಗಿಯರು ಬೆಡ್ ಮಾಡುತ್ತಾರೆ, ಸ್ಯಾಂಪಲ್ ಹಿಡಿದು ಲ್ಯಾಬ್‌ಗೆ ಓಡುತ್ತಾರೆ, ಮಧ್ಯಾಹ್ನ ಕೂತು ಕೇರ್ ಪ್ಲಾನ್ ಬರೆಯುತ್ತಾರೆ. ಪಾಳಿ ಬದಲಾಗುವ ಹೊತ್ತಿಗೆ, ಅಂದರೆ ಯಾವ ರೋಗಿ ಯಾಕೆ ಭಯ ಹುಟ್ಟಿಸುತ್ತಿದ್ದಾನೆ ಎಂದು ಹಿರಿಯರು ಬಾಯಿಬಿಟ್ಟು ಹೇಳುವ ಆ ಹತ್ತು ನಿಮಿಷಕ್ಕೆ, ಅವರು ಕಾಲೇಜು ಬಸ್ ಹತ್ತಿ ಆಗಿರುತ್ತದೆ.

ಕಂಡದ್ದನ್ನು ಹೇಳಲು ಬರಬೇಕು. ಇದು ಬೇರೆಯೇ ವಿದ್ಯೆ. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿ ‘ಸರ್, ಪೇಶಂಟ್ ಯಾಕೋ ಒಂಥರಾ ಇದಾರೆ’ ಎಂದರೆ ಆ ಕಡೆಯಿಂದ ಸಿಗುವ ಉತ್ತರವೂ ಒಂಥರಾ ಇರುತ್ತದೆ. ಅದನ್ನೇ ‘ಸರ್, ನಾಲ್ಕನೇ ಬೆಡ್, ಕೆಎಫ್‌ಡಿ ಪಾಸಿಟಿವ್, ಐದನೇ ದಿನ. ಸಂಜೆ ಬಿಪಿ 118 ಇತ್ತು, ಈಗ 94. ಉಸಿರು 28. ಕಳೆದ ನಾಲ್ಕು ಗಂಟೆಯಲ್ಲಿ ಯೂರಿನ್ 60 ಎಂಎಲ್ ಮಾತ್ರ. ಹೆಂಡ್ತಿ ಗುರುತು ಹಿಡೀತಿಲ್ಲ. ನೀವು ಬಂದು ನೋಡಬೇಕು, ಅಷ್ಟರಲ್ಲಿ ನಾನು ಫ್ಲೂಯಿಡ್ ಶುರು ಮಾಡ್ಲಾ?’ ಎಂದು ಹೇಳಿದರೆ ಯಾವ ವೈದ್ಯರೂ ಮಗ್ಗುಲು ತಿರುಗಿ ಮಲಗುವುದಿಲ್ಲ. ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಬೇಡಿಕೆ ಎಂಬ ಈ ಸರಣಿ ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಮೇಲೆ ಆಸ್ಪತ್ರೆಗಳಿಗೆ ಬಂದದ್ದು. ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುತ್ತಾರೆ. ಬಾಯಲ್ಲಿ ಬರುವುದಿಲ್ಲ. ಏಕೆಂದರೆ ಹತ್ತನೇ ತರಗತಿಯ ತನಕ ಮೇಷ್ಟರ ಎದುರು ತಲೆತಗ್ಗಿಸಿ ನಿಂತು ಬೆಳೆದ ಹುಡುಗಿಗೆ ‘ನೀವು ಬಂದು ನೋಡಬೇಕು’ ಎಂಬ ಮೂರು ಪದ ಹೇಳುವುದು ವೆಂಟಿಲೇಟರ್ ಜೋಡಿಸುವುದಕ್ಕಿಂತ ಕಷ್ಟ. ಗೊಂಬೆಯ ಎದುರು ಎದೆ ಒತ್ತುವುದನ್ನು ಅಭ್ಯಾಸ ಮಾಡಿಸುವ ಹಾಗೆ ಈ ಫೋನನ್ನೂ ಮಾಡಿಸಬೇಕು. ಆ ಕಡೆ ಸಿಡುಕುವ ಡಾಕ್ಟರಾಗಿ ಉಪನ್ಯಾಸಕರೇ ಕೂರಲಿ.

ಸಾಗಿಸುವ ದಾರಿಯ ಪಾಠಕ್ಕೆ ಬರೋಣ. ಐಸಿಯು ಎಂಬ ಕಲ್ಪನೆಯೇ ವಿದ್ಯಾರ್ಥಿಗಳ ಕೈಯಲ್ಲಿ ಹುಟ್ಟಿದ್ದು ಎಂಬುದನ್ನು ನಮ್ಮ ಕಾಲೇಜುಗಳಲ್ಲಿ ಯಾಕೆ ಹೇಳುವುದಿಲ್ಲವೋ ಗೊತ್ತಿಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿ ಉಸಿರಾಟದ ಸ್ನಾಯುಗಳೇ ಸೋತು ಜನ ಸಾಯುತ್ತಿದ್ದರು. ಅಂಥ ಕಠಿಣ ಪ್ರಕರಣಗಳಲ್ಲಿ ಮೊದಮೊದಲು ಹತ್ತರಲ್ಲಿ ಎಂಟಕ್ಕೂ ಹೆಚ್ಚು ಸಾವು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಗಂಟಲಿಗೆ ಕೊಳವೆ ಹಾಕಿ ರಬ್ಬರ್ ಚೀಲ ಒತ್ತಿ ಗಾಳಿ ಕೊಡುವ ದಾರಿ ತೋರಿಸಿದರು. ಯಂತ್ರಗಳು ಸಾಲವು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲು ರಾತ್ರಿ ಮಂಚದ ಪಕ್ಕ ಕೂತು ಚೀಲ ಒತ್ತಿದರು. ಸಾವು ಗಣನೀಯವಾಗಿ ಇಳಿಯಿತು. ಮರುವರ್ಷವೇ ಜಗತ್ತಿನ ಮೊದಲ ತೀವ್ರ ನಿಗಾ ಘಟಕಗಳಲ್ಲೊಂದು ಅಲ್ಲಿ ಎದ್ದಿತು. ಇಂದು ನಾವು ಆಂಬು ಎನ್ನುವ, ತಾನೇ ಉಬ್ಬಿಕೊಳ್ಳುವ ಚೀಲವನ್ನು 1956ರಲ್ಲಿ ರೂಪಿಸಿದವರೂ ಡೆನ್ಮಾರ್ಕಿನವರೇ, ಹೆನ್ನಿಂಗ್ ರೂಬೆನ್.

ಕೊಳವೆ ಹಾಕಿದ ದೊಡ್ಡವರಿಗೆ ಆರು ಸೆಕೆಂಡಿಗೊಮ್ಮೆ ಆಂಬು ಒತ್ತಬೇಕು. ಕಾರ್ಗಲ್‌ನಿಂದ ಶಿವಮೊಗ್ಗಕ್ಕೆ ಎರಡು ಗಂಟೆ ಎಂದುಕೊಂಡರೆ 1,200 ಸಲ. ಗಾಬರಿಯಲ್ಲಿ ಕೈ ತಾನಾಗಿ ವೇಗವಾಗುತ್ತದೆ. ಆರಕ್ಕೆ ಒಂದರ ಬದಲು ಎರಡಕ್ಕೆ ಒಂದಾಗುತ್ತದೆ. ಹಾಗೆ ಒತ್ತಿದರೆ ಎದೆಯೊಳಗೆ ಒತ್ತಡ ಹೆಚ್ಚಿ ಹೃದಯಕ್ಕೆ ರಕ್ತ ಹಿಂತಿರುಗುವುದು ಕಡಿಮೆಯಾಗಿ ಬಿಪಿಯೇ ಕುಸಿಯಬಹುದು. ಸ್ಕಿಲ್ ಲ್ಯಾಬ್‌ನಲ್ಲಿ ಐದು ಸಲ ಒತ್ತಿ ಲಾಗ್‌ಬುಕ್‌ಗೆ ಸಹಿ ಹಾಕಿಸಿಕೊಂಡ ಕೈಗೆ ಇದು ಹೇಗೆ ತಿಳಿಯಬೇಕು? ನಿಂತ ಆಂಬುಲೆನ್ಸ್‌ನಲ್ಲಿ ಇಪ್ಪತ್ತು ನಿಮಿಷ ಎಡೆಬಿಡದೆ ಒತ್ತಿಸಬೇಕು, ಆಮೇಲೆ ಓಡುವುದರಲ್ಲಿ.

ಇನ್ನು ಆಕ್ಸಿಜನ್ ಲೆಕ್ಕ. 1,500 ಲೀಟರ್ ಹಿಡಿಯುವ ಬಿ ಟೈಪ್ ಸಿಲಿಂಡರ್ ಇದೆ ಎಂದುಕೊಳ್ಳಿ. ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕು. ತುಂಬಿದ ಸಿಲಿಂಡರ್ 150 ನಿಮಿಷ ಬರುತ್ತದೆ, ಶಿವಮೊಗ್ಗ ಮುಟ್ಟಬಹುದು. ಗೇಜ್ ಅರ್ಧಕ್ಕೆ ಇಳಿದಿದ್ದರೆ 75 ನಿಮಿಷ. ಆಗ ಆನಂದಪುರದ ಆಸುಪಾಸಿನಲ್ಲಿ ಅದು ಸುಯ್ ಎನ್ನುವುದನ್ನು ನಿಲ್ಲಿಸುತ್ತದೆ. ಐದನೇ ತರಗತಿಯ ಭಾಗಾಕಾರ ಇದು. ಹೊರಡುವ ಮೊದಲು ಅರ್ಧ ನಿಮಿಷ ನಿಂತು ಇದನ್ನು ಮಾಡಿದವನು ಸಾಗರದಲ್ಲೇ ಸಿಲಿಂಡರ್ ಬದಲಿಸಿಕೊಳ್ಳುತ್ತಾನೆ. ಆಕ್ಸಿಜನ್ನಿನ ಲೆಕ್ಕ ತಪ್ಪಿದರೆ ಏನಾಗುತ್ತದೆಂದು 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ರೋಗಿಗಳು ಸತ್ತಾಗ ಇಡೀ ರಾಜ್ಯ ನೋಡಿದೆ. ಅದು ಆಡಳಿತ ಮಾಡಬೇಕಿದ್ದ ಲೆಕ್ಕ, ನರ್ಸ್‌ಗಳದ್ದಲ್ಲ. ಆಂಬುಲೆನ್ಸ್‌ನೊಳಗೆ ಮಾತ್ರ ಮಾಡಲು ಬೇರೆ ಯಾರೂ ಇರುವುದಿಲ್ಲ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರೋಗ್ಯ ಕವಚ 108 ಶುರುವಾದಾಗಿನಿಂದ ಅದರ ಹಿಂಬದಿಯಲ್ಲಿ ಕೂತವರಲ್ಲಿ ಜಿಎನ್‌ಎಂ ಮುಗಿಸಿದ ಹುಡುಗ–ಹುಡುಗಿಯರು ಎಷ್ಟೋ ಮಂದಿ.

ಹಾವಿನ ಕಡಿತದ್ದು ಇಲ್ಲಿಯದೇ ಆದ ಇನ್ನೊಂದು ಪಾಠ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕೊಳಕುಮಂಡಲ ಕಚ್ಚಿದವರಲ್ಲಿ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಅದನ್ನು ತಿಳಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಒಂದು ಶುಚಿಯಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬ್ ಸಾಕು. ಪ್ಲಾಸ್ಟಿಕ್ಕಿನದಾಗಬಾರದು, ಡಿಟರ್ಜೆಂಟ್ ಹಾಕಿ ತೊಳೆದದ್ದೂ ಆಗಬಾರದು, ಎರಡರಲ್ಲೂ ಫಲಿತಾಂಶ ತಪ್ಪುತ್ತದೆ. ಎರಡು ಮಿ.ಲೀ. ರಕ್ತ ತೆಗೆದು ಅದರಲ್ಲಿ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡುವುದು. ರಕ್ತ ಇನ್ನೂ ನೀರಿನಂತೆ ಹರಿದರೆ ವಿಷ ಏರಿದೆ, ಪ್ರತಿವಿಷ ಹಚ್ಚಬೇಕು. ಪ್ರತಿವಿಷ ಹಚ್ಚುವ ಮುನ್ನ ಅಡ್ರಿನಲಿನ್ ಸಿರಿಂಜಿಗೆ ಎಳೆದು ಕೈಗೆಟುಕುವಲ್ಲಿ ಇಟ್ಟುಕೊಂಡಿರಬೇಕು, ಏಕೆಂದರೆ ಪ್ರತಿವಿಷವೇ ಕೆಲವರಿಗೆ ಅಲರ್ಜಿಯಾಗಿ ಪ್ರಾಣಕ್ಕೆ ಬರಬಹುದು. ಕಟ್ಟುಹಾವಿನದಾದರೆ ಕಚ್ಚಿದ ಗುರುತೂ ಸರಿಯಾಗಿ ಕಾಣದು. ರಾತ್ರಿ ನೆಲದ ಮೇಲೆ ಮಲಗಿದ್ದವನು ಬೆಳಗಿನ ಜಾವ ಹೊಟ್ಟೆನೋವೆಂದು ಬರುತ್ತಾನೆ, ರೆಪ್ಪೆ ಜೋಲುತ್ತಿರುತ್ತದೆ. ಅವನಿಗೆ ಒಂದೇ ಉಸಿರಿಗೆ ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸಲು ಹೇಳಬೇಕು. ಹತ್ತು ನಿಮಿಷದ ಹಿಂದೆ 25ರ ತನಕ ಎಣಿಸಿದವನು ಈಗ 12ಕ್ಕೆ ನಿಂತರೆ ಉಸಿರಿನ ಸ್ನಾಯು ಸೋಲುತ್ತಿದೆ, ಆಂಬು ಕೈಗೆ ಬರಬೇಕು. ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಘಟ್ಟದ ಅಡಿಕೆ ತೋಟದಲ್ಲಿ ಕಚ್ಚುವ ಗುಳಿ ಮಂಡಲಗಳಿಗೆ ಅದು ನಾಟುವುದಿಲ್ಲ ಎಂಬುದನ್ನೂ ಇಲ್ಲಿಯ ನರ್ಸ್ ತಿಳಿದಿರಬೇಕು. ಬೆಂಗಳೂರಿನಲ್ಲಿ ಓದಿ ಬಂದವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ತೋಟದ ಮಾತು ಬಂತಲ್ಲ, ಅಡಿಕೆ ಮರ ಹತ್ತುವ ಕೊನೆಗೌಡರನ್ನು ಬಿಡುವ ಹಾಗಿಲ್ಲ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯುವಾಗ, ಚಳಿಗಾಲದಲ್ಲಿ ಕೊನೆ ಕೊಯ್ಯುವಾಗ, ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುವವರು ಪ್ರತಿ ವರ್ಷ ಇದ್ದಾರೆ. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದೆತ್ತಿ ಜೀಪಿನ ಹಿಂದೆ ಮಡಚಿ ಮಲಗಿಸಿ ತರುವುದು ರೂಢಿ. ಆಸ್ಪತ್ರೆಯ ಅಂಗಳಕ್ಕೆ ಜೀಪು ಬಂದಾಗ ಅದರಿಂದ ಇಳಿಸುವ ರೀತಿಯಲ್ಲಾದರೂ ಕಾಲು ಉಳಿಸಲು ಸಾಧ್ಯ. ತಲೆ ಹಿಡಿದವರೇ ಎಣಿಕೆ ಹೇಳಬೇಕು, ಉಳಿದ ಮೂವರು ಅವರ ಮಾತಿಗೆ ಕಾದು ಇಡೀ ಮೈಯನ್ನು ಒಂದೇ ದಿಮ್ಮಿಯ ಹಾಗೆ ಹೊರಳಿಸಬೇಕು. ಇದರಲ್ಲಿ ಕಲಿಯಬೇಕಾದದ್ದು ಸುತ್ತ ನೆರೆದು ಕೂಗುತ್ತಿರುವ ಇಪ್ಪತ್ತು ಗಂಡಸರಿಗೆ ‘ಸ್ವಲ್ಪ ತಡೀರಿ, ಮುಟ್ಟಬೇಡಿ’ ಎಂದು ಗಟ್ಟಿಯಾಗಿ ಹೇಳುವ ದನಿ.

ಎದೆನೋವಿನದೂ ಹೀಗೇ. ‘ಗ್ಯಾಸ್ಟ್ರಿಕ್ ಆಗಿದೆ ಸಿಸ್ಟರ್, ಒಂದು ಇಂಜೆಕ್ಷನ್ ಕೊಡಿ ಸಾಕು’ ಎಂದು ಬರುವ ನಡುವಯಸ್ಸಿನವನಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು. ರಾಜ್ಯ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಮೇಲೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುವ ವ್ಯವಸ್ಥೆ ಬಂದಿದೆ. ಇಂಜೆಕ್ಷನ್ ಫ್ರಿಜ್ಜಿನಲ್ಲಿದೆ, ಇಸಿಜಿ ಓದಲು ದೂರದ ತಜ್ಞರಿದ್ದಾರೆ. ನಡುವೆ ಇರುವುದು ಗ್ಯಾಸ್ಟ್ರಿಕ್ ಎಂಬ ಮಾತನ್ನು ನಂಬದೆ ಲೀಡ್‌ಗಳನ್ನು ಸರಿಯಾದ ಜಾಗಕ್ಕೆ ಅಂಟಿಸಬೇಕಾದ ಒಬ್ಬಳು.

ಪಠ್ಯಕ್ರಮವನ್ನು ಬೈದು ಪ್ರಯೋಜನವಿಲ್ಲ, ಅದು ಕೆಟ್ಟದಾಗೇನೂ ಇಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು ಬಿಎಸ್ಸಿ ನರ್ಸಿಂಗ್ ಅನ್ನು ಸೆಮಿಸ್ಟರ್ ಪದ್ಧತಿಗೆ ತಂದಾಗ ಹೃದಯ ನಿಂತವರಿಗೆ ಮರುಜೀವ ಕೊಡುವ ತರಬೇತಿಯನ್ನು ಕಡ್ಡಾಯ ಮಾಡಿತು, ಗೊಂಬೆಗಳ ಮೇಲಿನ ಅಭ್ಯಾಸಕ್ಕೆ ಗಂಟೆ ಗೊತ್ತುಮಾಡಿತು, ಎಂಟನೇ ಸೆಮಿಸ್ಟರನ್ನು ಇಂಟರ್ನ್‌ಶಿಪ್‌ಗೆ ಬಿಟ್ಟಿತು. ಮುಂದೆ ಓದುವವರಿಗೆ ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ರೆಸಿಡೆನ್ಸಿಯೂ ಇದೆ. ತೊಂದರೆ ಇರುವುದು ಕಾಗದದಿಂದ ವಾರ್ಡಿಗೆ ಇಳಿಯುವ ಮೆಟ್ಟಿಲಲ್ಲಿ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಮಂಚಗಳ ಸಂಖ್ಯೆ ಆ ವೇಗದಲ್ಲಿ ಬೆಳೆದಿಲ್ಲ. ಒಂದೇ ಐಸಿಯು ಮಂಚದ ಸುತ್ತ ಮೂರು ಕಾಲೇಜಿನ ಸಮವಸ್ತ್ರ ನಿಂತಿದ್ದರೆ ಯಾರ ಕೈ ರೋಗಿಯನ್ನು ಮುಟ್ಟುತ್ತದೆ? ಸಾವಿರಾರು ರೂಪಾಯಿಯ ಗೊಂಬೆ ಪರಿಶೀಲನಾ ತಂಡ ಬರುವ ದಿನ ಮಾತ್ರ ಪ್ಲಾಸ್ಟಿಕ್ ಹೊದಿಕೆಯಿಂದ ಹೊರಬರುತ್ತದೆ ಎಂದು ವಿದ್ಯಾರ್ಥಿಗಳು ತಮಾಷೆ ಮಾಡುವುದುಂಟು. ಮಧ್ಯಪ್ರದೇಶದಲ್ಲಿ ನರ್ಸಿಂಗ್ ಕಾಲೇಜುಗಳ ತನಿಖೆಗೆ ಹೋದ ಸಿಬಿಐ ಅಧಿಕಾರಿಗಳೇ ಲಂಚದ ಆರೋಪದ ಮೇಲೆ 2024ರಲ್ಲಿ ಬಂಧನಕ್ಕೊಳಗಾದ ಸುದ್ದಿ ಓದಿದವರಿಗೆ ಆ ತಮಾಷೆ ಪೂರ್ತಿ ತಮಾಷೆಯಾಗಿ ಕೇಳುವುದಿಲ್ಲ.

ಮನೆಯವರ ಜೊತೆ ಮಾತಾಡುವುದನ್ನಂತೂ ಯಾರೂ ಕಲಿಸುವುದಿಲ್ಲ. ಮಲೆನಾಡಿನಲ್ಲಿ ರೋಗಿಯ ಹಿಂದೆ ಕೇರಿಯೇ ಬರುತ್ತದೆ. ‘ಏನಾಗಲ್ಲ, ಹೆದರಬೇಡಿ’ ಎಂದು ಒಬ್ಬ ಸಿಸ್ಟರ್ ಹೇಳಿ, ಒಂದು ಗಂಟೆಗೆ ಆಂಬುಲೆನ್ಸ್ ಕರೆಸಿದರೆ ಅವರು ಇನ್ನು ಯಾರ ಮಾತನ್ನೂ ನಂಬುವುದಿಲ್ಲ. ‘ಅಮ್ಮಾ, ಜ್ವರ ಮಿದುಳಿಗೆ ಏರೋ ಲಕ್ಷಣ ಕಾಣ್ತಿದೆ. ಇಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ, ಶಿವಮೊಗ್ಗಕ್ಕೆ ಹೋಗಬೇಕು. ನಿಮ್ಮಲ್ಲಿ ಒಬ್ಬರು ಜೊತೆಗೆ ಬನ್ನಿ, ಏನೇನು ಮಾತ್ರೆ ತಗೊಂಡಿದ್ರು ಆ ಚೀಟಿ ತನ್ನಿ’ ಎಂದು ಹೇಳಲು ಒಂದು ನಿಮಿಷ ಸಾಕು. ಮೊದಲ ಸಾವನ್ನು ಕಂಡ ರಾತ್ರಿ ಹಾಸ್ಟೆಲ್‌ನಲ್ಲಿ ಊಟ ಬಿಟ್ಟು ಮಲಗುವ ಹುಡುಗಿಯ ಹತ್ತಿರ ಮರುದಿನ ಯಾರಾದರೂ ಕೂತು ‘ನಿನ್ನೆ ಏನೇನಾಯ್ತು ಹೇಳು’ ಎಂದು ಕೇಳುತ್ತಾರೆಯೇ? ಕೇಳುವ ಉಪನ್ಯಾಸಕರಿದ್ದಾರೆ, ಇಲ್ಲವೆನ್ನಲಾರೆ. ಅದು ಅವರವರ ಸ್ವಭಾವಕ್ಕೆ ಬಿಟ್ಟ ವಿಷಯವಾಗಿ ಉಳಿದಿದೆ.

ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ. ಶಿವಮೊಗ್ಗದ ಕಾಲೇಜುಗಳ ಇಂಟರ್ನ್‌ಗಳನ್ನು ಅವರ ಕೊನೆಯ ಸೆಮಿಸ್ಟರ್‌ನಲ್ಲಿ, ಆ ತಿಂಗಳುಗಳಲ್ಲೇ, ನಾಲ್ಕು ನಾಲ್ಕು ಜನರ ತಂಡ ಮಾಡಿ ಅರಳಗೋಡು, ತುಮರಿ ಕಡೆಯ ಆರೋಗ್ಯ ಕೇಂದ್ರಗಳಿಗೂ ಸಾಗರದ ಉಪವಿಭಾಗ ಆಸ್ಪತ್ರೆಗೂ ಹಾಕಬೇಕು. ಜೊತೆಗೆ ಒಬ್ಬ ಉಪನ್ಯಾಸಕಿ, ಕಡ್ಡಾಯವಾಗಿ ರಾತ್ರಿ ಪಾಳಿ, ವಾರಕ್ಕೆ ಒಮ್ಮೆಯಾದರೂ 108ರಲ್ಲಿ ಮೆಗ್ಗಾನ್ ತನಕ ಪ್ರಯಾಣ, ಅಲ್ಲಿ ತಾವೇ ನಿಂತು ಐಸಿಯು ಸಿಸ್ಟರ್‌ಗೆ ರೋಗಿಯ ವಿವರ ಒಪ್ಪಿಸುವುದು. ತಾವು ಕಳಿಸಿದ ರೋಗಿಗೆ ಏನಾಯಿತೆಂದು ಮರುವಾರ ಕೇಳಿ ಬರೆಯುವುದು. ಹುಡುಗಿಯರನ್ನು ಅಷ್ಟು ದೂರ ಕಳಿಸಿದರೆ ಉಳಿಯುವುದೆಲ್ಲಿ ಎಂದು ಪೋಷಕರೂ ಪ್ರಾಂಶುಪಾಲರೂ ಮೊದಲು ಕೇಳುತ್ತಾರೆ, ಕೇಳಲೇಬೇಕು. ಶರಾವತಿ ಯೋಜನೆಗಾಗಿ ಕಾಲೊನಿ ಮೇಲೆ ಕಾಲೊನಿ ಕಟ್ಟಿದ ಕಾರ್ಗಲ್‌ನಲ್ಲಿ ಐದು ಜನಕ್ಕೆ ಬೀಗ ಹಾಕುವ, ನೀರು ಬರುವ ಒಂದು ಕ್ವಾರ್ಟರ್ಸ್ ಕೊಡಿ ಎಂದು ಆರೋಗ್ಯ ಇಲಾಖೆ ಕರ್ನಾಟಕ ವಿದ್ಯುತ್ ನಿಗಮಕ್ಕೆ (ಕೆಪಿಸಿ) ಒಂದು ಕಾಗದ ಬರೆದು ಕೇಳಬಹುದು.